ಹತ್ತಕ್ಕೆ ಎಷ್ಟು?

2023ರ ಮಾರ್ಚ್ 18, ಗೋವಾದ ಫಟೋರ್ಡಾ ಮೈದಾನ, ಇಂಡಿಯನ್ ಸೂಪರ್ ಲೀಗಿನ ಫೈನಲ್. ಬೆಂಗಳೂರು ಎಫ್‌ಸಿ ಎದುರು ಎಟಿಕೆ ಮೋಹನ್ ಬಾಗಾನ್. ಬೆಂಗಳೂರಿನ ಮುಂಚೂಣಿಯಲ್ಲಿದ್ದ ಫಿಜಿ ದೇಶದ ರಾಯ್ ಕೃಷ್ಣ ಹಿಂದಿನ ವರ್ಷ ಎದುರು ಪಾಳಯದಲ್ಲೇ ಇದ್ದವರು. 14ನೇ ನಿಮಿಷದಲ್ಲಿ ತಮ್ಮದೇ ಗೋಲಿನ ಮುಂದೆ ಅವರ ಕೈಗೆ ಚೆಂಡು ತಾಗಿತು. ಪೆನಾಲ್ಟಿ, ಗೋಲು. ಮೊದಲರ್ಧ ಮುಗಿಯುವ ಹೊತ್ತಿಗೆ ಎದುರಾಳಿ ಡಿಫೆಂಡರ್ ಚೆಂಡಿನ ಬದಲು ರಾಯ್ ಕೃಷ್ಣ ಅವರನ್ನೇ ಒದ್ದರು. ಈ ಸಲ ಪೆನಾಲ್ಟಿ ಬೆಂಗಳೂರಿಗೆ, ಹೊಡೆದವರು ಸುನಿಲ್ ಛೆಟ್ರಿ. 78ನೇ ನಿಮಿಷದಲ್ಲಿ ಅದೇ ರಾಯ್ ಕೃಷ್ಣ ತಲೆಯಿಂದ ಗೋಲು ಬಾರಿಸಿ ತಂಡವನ್ನು 2-1ಕ್ಕೆ ಮುಂದೆ ತಂದರು. ಆಮೇಲೆ ಎದುರಾಳಿಗೆ ಇನ್ನೊಂದು ಪೆನಾಲ್ಟಿ, 2-2, ಹೆಚ್ಚುವರಿ ಸಮಯ, ಶೂಟ್‌ಔಟ್. ಅದರಲ್ಲಿ ರಾಯ್ ಕೃಷ್ಣ ತಮ್ಮ ಪಾಲಿನ ಹೊಡೆತವನ್ನು ಗೋಲಾಗಿಸಿದರು. ತಂಡ 4-3ರಲ್ಲಿ ಸೋತಿತು.

ಈಗ ಹೇಳಿ, ಈ ಮನುಷ್ಯನಿಗೆ ಹತ್ತಕ್ಕೆ ಎಷ್ಟು ಕೊಡುತ್ತೀರಿ?

ನಾಲ್ಕು ಕೊಡುವುದಕ್ಕೂ ಕಾರಣ ಇದೆ, ಎಂಟು ಕೊಡುವುದಕ್ಕೂ ಇದೆ. ಎರಡನ್ನೂ ಕೂಡಿಸಿ ಭಾಗಿಸಿ ಆರು ಎನ್ನುವ ಜಾಣರು ಮಾತ್ರ ಎಲ್ಲರಿಗಿಂತ ಕೆಟ್ಟ ತೀರ್ಪು ಕೊಟ್ಟಂತೆ. ಆರು ಎಂದರೆ ಬಂದ, ಆಡಿದ, ಹೋದ ಎಂದರ್ಥ. ಆ ರಾತ್ರಿ ರಾಯ್ ಕೃಷ್ಣ ಮಾಡಿದ ಯಾವ ಕೆಲಸವೂ ಆರರ ಕೆಲಸವಾಗಿರಲಿಲ್ಲ. ಪಂದ್ಯ ಮುಗಿದ ಮೇಲೆ ಅಭಿಮಾನಿಗಳು ನಡೆಸುವ ಮೌಲ್ಯಮಾಪನ ಎಲ್ಲಿ ಎಡವುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಸಾಮಾನ್ಯವಾಗಿ ಈ ಮಾತುಕತೆಯ ಮೇಲೆ ಹೊರಿಸುವ ಆರೋಪ ಒಂದೇ, ಅಭಿಮಾನಿಗೆ ಪಕ್ಷಪಾತ ಇದೆ ಎಂಬುದು. ಪಕ್ಷಪಾತ ಇದ್ದೇ ಇದೆ, ಇಲ್ಲದಿದ್ದರೆ ಟಿಕೆಟ್ ಕೊಂಡು ಯಾಕೆ ಬರಬೇಕು? ನನ್ನ ತಕರಾರು ಅದಲ್ಲ. ಹನ್ನೊಂದು ಜನ ಸೇರಿ ಮಾಡಿದ್ದನ್ನು ಒಬ್ಬೊಬ್ಬನ ಲೆಕ್ಕಕ್ಕೆ ಬರೆಯುತ್ತೇವೆ, ಅದೂ ಪಂದ್ಯದ ಫಲಿತಾಂಶ ಗೊತ್ತಾದ ಮೇಲೆ. ಕೆಡುವುದು ಅಲ್ಲಿ.

ಹತ್ತಕ್ಕೆ ಇಷ್ಟು ಎಂದು ಆಟಗಾರರಿಗೆ ಅಂಕ ಹಾಕುವ ರೂಢಿ ಯುರೋಪಿನ ಪತ್ರಿಕೆಗಳಲ್ಲಿ ಬೆಳೆದದ್ದು. ಇಟಲಿಯ ಕ್ರೀಡಾಪತ್ರಿಕೆಗಳಲ್ಲಿ ಪಂದ್ಯದ ಮರುದಿನ ಇಡೀ ತಂಡದ ಅಂಕಪಟ್ಟಿ ಅಚ್ಚಾಗುತ್ತದೆ. ಅಲ್ಲಿನ ಶಾಲೆಗಳಲ್ಲಿ ಹೇಗೋ ಹಾಗೆ ಆಟದಲ್ಲೂ 6 ಬಂದರೆ ಪಾಸು. ಕೋಚ್‌ಗೂ ಅಂಕ, ರೆಫರಿಗೂ ಅಂಕ. ನೂರಕ್ಕೆ ಮೂವತ್ತೈದು ಬಂದರೆ ಪಾಸಾಗುತ್ತಿದ್ದ ನಾಡಿನವರಾದ ನಾವು ಇನ್ನಷ್ಟು ಉದಾರಿಗಳಾಗಬೇಕಿತ್ತು. ಹಾಗಾಗಲಿಲ್ಲ. ಬೆಂಗಳೂರು ತಂಡ ಸೋತ ರಾತ್ರಿ ಕಂಠೀರವ ಕ್ರೀಡಾಂಗಣದಿಂದ ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣದ ಕಡೆ ನಡೆಯುವ ನೀಲಿ ಜೆರ್ಸಿಗಳ ಗುಂಪಿನಲ್ಲಿ ಕಿವಿಗೊಟ್ಟರೆ, ಕನ್ನಡ, ತಮಿಳು, ಇಂಗ್ಲಿಷ್, ಮಲಯಾಳಂ ಯಾವ ಭಾಷೆಯಲ್ಲಾದರೂ ಸರಿ, ಪ್ರಶ್ನೆಗಳು ಎರಡೇ. ಆ ಗೋಲು ಯಾರ ತಪ್ಪು? ಅವನನ್ನು ಯಾಕೆ ತೆಗೆದ, ಇವನನ್ನು ಯಾಕೆ ಇಳಿಸಿದ?

ಮೊದಲನೆಯ ಪ್ರಶ್ನೆಯನ್ನೇ ನೋಡೋಣ. 2018ರ ಮಾರ್ಚ್ 17ರಂದು ಇದೇ ಕಂಠೀರವದಲ್ಲಿ ಸೂಪರ್ ಲೀಗಿನ ಫೈನಲ್ ನಡೆಯಿತು. ಬೆಂಗಳೂರಿಗೆ ಅದು ಆ ಲೀಗಿನಲ್ಲಿ ಮೊದಲ ವರ್ಷ. ಹದಿನೆಂಟು ಪಂದ್ಯಗಳಿಂದ 40 ಅಂಕ ಗಳಿಸಿ ಪಟ್ಟಿಯ ತಲೆಯಲ್ಲಿತ್ತು. ಎರಡನೆಯದಾಗಿದ್ದ ಚೆನ್ನೈಯಿನ್ ಎಫ್‌ಸಿಗೆ 32. ಒಂಬತ್ತನೇ ನಿಮಿಷಕ್ಕೆ ಛೆಟ್ರಿ ಗೋಲು ಹೊಡೆದಾಗ ಊರು ಗೆದ್ದಾಯಿತು ಅಂದುಕೊಂಡಿತ್ತು. ಆಮೇಲೆ ಎರಡು ಕಾರ್ನರ್, ಎರಡು ಹೆಡರ್, ಎರಡೂ ಚೆನ್ನೈನ ಬ್ರೆಜಿಲ್ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಅವರವು. ದ್ವಿತೀಯಾರ್ಧದಲ್ಲಿ ರಫಾಯೆಲ್ ಆಗಸ್ಟೊ ಮೂರನೆಯದನ್ನು ಹೊಡೆದರು. ಬೆಂಗಳೂರಿನ ಮಿಕು ಕೊನೆಗೆ ಒಂದು ತೀರಿಸಿದರೂ ಪಂದ್ಯ 3-2ಕ್ಕೆ ಚೆನ್ನೈ ಪಾಲಾಯಿತು.

ಕಾರ್ನರ್‌ನಿಂದ ಗೋಲು ಬಿಟ್ಟಾಗ ಅಭಿಮಾನಿ ಮೊದಲು ನೋಡುವುದು ಹೆಡರ್ ಹೊಡೆದವನ ಪಕ್ಕದಲ್ಲಿ ನಮ್ಮವನು ಯಾರಿದ್ದ ಎಂದು. ಇದ್ದವನಿಗೆ ಶಿಕ್ಷೆ. ಯಾರೂ ಇರದಿದ್ದರೆ ಕೀಪರ್‌ಗೆ. ಗುರುಪ್ರೀತ್ ಸಿಂಗ್ ಸಂಧು ಆರಡಿ ಮೀರಿದ ಆಳು, ಮುಂದೆ ಬಂದು ಗುದ್ದಬಾರದಿತ್ತೇ ಎಂಬುದು ಸಿದ್ಧ ಪ್ರಶ್ನೆ. ಆದರೆ ಕಾರ್ನರ್ ಕಾಯುವ ಕ್ರಮಗಳು ಬೇರೆಬೇರೆ. ಆಳಿಗೆ ಆಳು ಅಂಟಿಕೊಳ್ಳುವುದು ಒಂದು, ಗೋಲಿನ ಮುಂದಿನ ಜಾಗವನ್ನು ಹಂಚಿಕೊಂಡು ಅವರವರ ಜಾಗ ಕಾಯುವುದು ಇನ್ನೊಂದು. ಬಹುತೇಕ ತಂಡಗಳು ಎರಡನ್ನೂ ಬೆರೆಸಿಕೊಂಡಿರುತ್ತವೆ. ಜಾಗ ಕಾಯುವ ಆಟಗಾರ ತನ್ನ ಜಾಗದಲ್ಲೇ ನಿಂತು ಕೆಲಸ ಸರಿಯಾಗಿ ಮಾಡಿರಬಹುದು. ಹೊರಗಿನಿಂದ ಓಡಿಬಂದು ಎಗರುವವನನ್ನು ಅರ್ಧ ಹೆಜ್ಜೆ ತಡೆಯಬೇಕಿದ್ದ ಇನ್ನೊಬ್ಬ ತಡೆಯದೆ ಹೋಗಿರಬಹುದು. ಅವನನ್ನು ತಡೆಯದಂತೆ ಎದುರಾಳಿಯೊಬ್ಬ ದಾರಿಗೆ ಅಡ್ಡ ನಿಂತಿರಬಹುದು. ಕೀಪರ್ ಮುಂದೆ ಬರಬಾರದು ಎಂದು ವಾರವಿಡೀ ಅಭ್ಯಾಸದಲ್ಲಿ ಹೇಳಿಕೊಟ್ಟಿರಬಹುದು. ಚೆಂಡು ಬಲೆಗೆ ಬಿದ್ದಾಗ ಕ್ಯಾಮೆರಾಕ್ಕೆ ಸಿಗುವುದು ಎಗರುವುದರಲ್ಲಿ ಸೋತವನ ಮುಖ. ತಪ್ಪು ಹುಟ್ಟಿದ್ದು ಮೂವರ ನಡುವಿನ ಖಾಲಿ ಜಾಗದಲ್ಲಿ. ಖಾಲಿ ಜಾಗಕ್ಕೆ ಹತ್ತಕ್ಕೆ ಮೂರು ಅಂತ ಕೊಡುವುದು ಹೇಗೆ? ಕೊಡಲಾಗದ್ದರಿಂದ ಹತ್ತಿರ ಸಿಕ್ಕವನಿಗೆ ಕೊಡುತ್ತೇವೆ.

ಒಬ್ಬ ಆಟಗಾರ ಕೆಲಸ ಕೆಡಿಸಿದನೇ ಎಂದು ತೀರ್ಮಾನಿಸಲು ಅವನಿಗೆ ಒಪ್ಪಿಸಿದ್ದ ಕೆಲಸ ಏನು ಎಂದು ಗೊತ್ತಿರಬೇಕು. ಅಭಿಮಾನಿಗೆ ಅದು ಗೊತ್ತಿಲ್ಲ. ಪತ್ರಕರ್ತನಿಗೂ ಗೊತ್ತಿಲ್ಲ, ವೀಕ್ಷಕ ವಿವರಣೆ ಕೊಡುವ ಮಾಜಿ ಆಟಗಾರರಿಗೂ ಬಹಳ ಸಲ ಗೊತ್ತಿರುವುದಿಲ್ಲ, ಅವರು ಮರೆಮಾಚುವುದರಲ್ಲಿ ನಮಗಿಂತ ಪಳಗಿದವರು ಅಷ್ಟೇ. ಇದನ್ನು ಬಾಯಿ ಮುಚ್ಚಿಸುವ ವಾದವಾಗಿ ನಾನು ಹೇಳುತ್ತಿಲ್ಲ. ಅಡುಗೆ ಬಾರದವನೂ ಸಾರಿಗೆ ಉಪ್ಪು ಹೆಚ್ಚಾಗಿದೆ ಎನ್ನಬಹುದು, ಆ ಹಕ್ಕು ಉಣ್ಣುವ ಎಲ್ಲರಿಗೂ ಇದೆ. ಉಪ್ಪು ಹಾಕಿದ ಕೈ ಯಾವುದು ಎಂದು ಊಟದ ಎಲೆಯ ಮುಂದೆ ಕೂತೇ ತೀರ್ಪು ಕೊಡುವಾಗ ಮಾತ್ರ ತುಸು ಅಂಜಿಕೆ ಇರಬೇಕು.

ಸರಿಯಾಗಿ ಒಂದು ವರ್ಷದ ಮೇಲೆ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಮತ್ತೆ ಫೈನಲ್, ಎದುರಿಗೆ ಎಫ್‌ಸಿ ಗೋವಾ. ಗೋಲಿಲ್ಲದೆ ತೊಂಬತ್ತು ನಿಮಿಷ ಕಳೆಯಿತು. ಗೋವಾದ ಅಹ್ಮದ್ ಜಾಹೂ ಹೆಚ್ಚುವರಿ ಸಮಯದಲ್ಲಿ ಕೆಂಪು ಕಾರ್ಡ್ ಪಡೆದು ಹೊರನಡೆದರು. 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಕಾರ್ನರ್ ಒದ್ದರು, ರಾಹುಲ್ ಭೇಕೆ ತಲೆಯೊಡ್ಡಿದರು, ಬೆಂಗಳೂರು ಮೊದಲ ಸಲ ಸೂಪರ್ ಲೀಗ್ ಕಪ್ ಎತ್ತಿತು. ಹಿಂದಿನ ವರ್ಷ ಮುಖ್ಯ ಕೋಚ್ ಆಗಿದ್ದವರು ಆಲ್ಬರ್ಟ್ ರೋಕಾ, ಅವರ ಸಹಾಯಕ ಕಾರ್ಲೆಸ್ ಕ್ವಾದ್ರಾತ್. ಈ ವರ್ಷ ಕ್ವಾದ್ರಾತ್ ಅವರೇ ಮುಖ್ಯ ಕೋಚ್. ಅಂದರೆ ಕಾರ್ನರ್‌ನಲ್ಲಿ ಮುಳುಗಿದ ರಾತ್ರಿಯೂ ಕಾರ್ನರ್‌ನಲ್ಲಿ ತೇಲಿದ ರಾತ್ರಿಯೂ ಅದೇ ಮನುಷ್ಯ ಬೆಂಚಿನಲ್ಲಿದ್ದರು, ಕಲಿಸಿದ ಪಾಠಗಳಲ್ಲೂ ಸಾಕಷ್ಟು ಹಳೆಯವೇ ಇದ್ದಿರಬೇಕು. ಮೊದಲ ರಾತ್ರಿಯ ಅಂಕಪಟ್ಟಿಯ ಪಕ್ಕದಲ್ಲಿ ಎರಡನೆಯದನ್ನು ಇಟ್ಟು ನೋಡಿದರೆ ಅವು ಎರಡು ಬೇರೆ ಊರುಗಳ ತಂಡಗಳಂತೆ ಕಾಣುತ್ತವೆ.

ಕೋಚ್‌ನ ವಿಷಯಕ್ಕೆ ಬಂದರೆ ಫಲಿತಾಂಶದ ನೆರಳು ಇನ್ನೂ ದಟ್ಟ. ಆಟಗಾರನನ್ನಾದರೂ ತೊಂಬತ್ತು ನಿಮಿಷ ಕಣ್ಣಾರೆ ನೋಡಿರುತ್ತೇವೆ. ಕೋಚ್ ನಮಗೆ ಕಾಣುವುದು ಗೆರೆಯಂಚಿನಲ್ಲಿ ಕೈ ಬೀಸುವ ಮನುಷ್ಯನಾಗಿ. ಅವನ ಕೆಲಸದ ಮುಕ್ಕಾಲು ಪಾಲು ಸೋಮವಾರದಿಂದ ಶುಕ್ರವಾರದವರೆಗೆ ಗೇಟಿನ ಹಿಂದೆ ನಡೆದುಹೋಗಿರುತ್ತದೆ. ನಮ್ಮ ಕೈಗೆ ಸಿಗುವ ಸಾಕ್ಷ್ಯ ಎರಡೇ, ಆಡುವ ಹನ್ನೊಂದರ ಪಟ್ಟಿ ಮತ್ತು ಬದಲಿ ಆಟಗಾರರು. ಆದ್ದರಿಂದ ಕೋಚ್‌ನ ವಿಮರ್ಶೆ ಎಂದರೆ ಬದಲಿಗಳ ವಿಮರ್ಶೆ ಎಂದಾಗಿಬಿಟ್ಟಿದೆ. ಎಪ್ಪತ್ತನೇ ನಿಮಿಷಕ್ಕೆ ಇಳಿದವನು ಗೋಲು ಹೊಡೆದರೆ ಕೋಚ್‌ಗೆ ತಲೆ ಇದೆ. ಹೊಡೆಯದಿದ್ದರೆ ಬದಲಿ ತಡವಾಯಿತು. ತೆಗೆಯದೆ ಬಿಟ್ಟವನು ಸುಸ್ತಾಗಿ ಚೆಂಡು ಕಳೆದುಕೊಂಡರೆ ಅದೂ ಕೋಚ್ ತಲೆಗೇ. ತೆಗೆಯದೇ ಇದ್ದದ್ದರಿಂದ ಉಳಿದುಕೊಂಡ ಪಂದ್ಯವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಸೈಮನ್ ಗ್ರೇಸನ್ ಅವರ ಕತೆ ಇದಕ್ಕೆ ಒಳ್ಳೆಯ ಪಾಠ. ಇಂಗ್ಲೆಂಡಿನಿಂದ ಬಂದ ಅವರು 2022ರಲ್ಲಿ ಬೆಂಗಳೂರಿಗೆ ಡುರಾಂಡ್ ಕಪ್ ಗೆದ್ದುಕೊಟ್ಟರು. ಆಮೇಲೆ ಲೀಗಿನಲ್ಲಿ ತಂಡ ಸೋಲುತ್ತ ಹೋಯಿತು. ಆಗ ಅವರು ಮಾಡಿದ ಧೈರ್ಯದ ಕೆಲಸ ಸುನಿಲ್ ಛೆಟ್ರಿಯವರನ್ನು ಬೆಂಚಿಗೆ ಕೂರಿಸಿದ್ದು. ಈ ಕ್ಲಬ್ಬಿನ ಮಟ್ಟಿಗೆ ಅದು ಗುಡಿಯ ಮೂರ್ತಿಯನ್ನು ಪಕ್ಕಕ್ಕೆ ಸರಿಸಿದಷ್ಟು ದೊಡ್ಡ ನಿರ್ಧಾರ. ಯುವಕ ಶಿವಶಕ್ತಿ ನಾರಾಯಣನ್ ಮುಂದೆ ಓಡತೊಡಗಿದರು, ತಂಡ ಲೀಗಿನ ಕೊನೆಯ ಎಂಟು ಪಂದ್ಯಗಳನ್ನು ಸಾಲಾಗಿ ಗೆದ್ದಿತು. ನಾಕೌಟ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಬದಲಿಯಾಗಿ ಇಳಿದ ಛೆಟ್ರಿಯವರೇ ನಿರ್ಣಾಯಕ ಗೋಲು ಹೊಡೆದರು, ಸೆಮಿಫೈನಲ್‌ನಲ್ಲಿ ಮುಂಬೈ ಎದುರೂ ಬೆಂಚಿನಿಂದ ಬಂದು ಗೋಲು ಗಳಿಸಿದರು. ಗ್ರೇಸನ್ ಈಗ ಮೇಧಾವಿ. ಫೈನಲ್‌ನಲ್ಲಿ ಆಟ ಶುರುವಾಗಿ ಕೆಲವೇ ನಿಮಿಷಗಳಲ್ಲಿ ಶಿವಶಕ್ತಿ ಗಾಯಗೊಂಡು ಹೊರಬಿದ್ದರು. ಕೊನೆಯ ಅರ್ಧ ಗಂಟೆಗೆಂದು ಉಳಿಸಿಟ್ಟ ಛೆಟ್ರಿ ಪಂದ್ಯದ ಆರಂಭಕ್ಕೇ ಇಳಿಯಬೇಕಾಯಿತು. ವಾರಗಟ್ಟಲೆ ಫಲ ಕೊಟ್ಟ ಲೆಕ್ಕಾಚಾರ ಒಂದು ಸ್ನಾಯುವಿಗೆ, ಒಂದು ಕಾಲಿಗೆ ಸಿಕ್ಕಿ ಹಾಳಾಯಿತು. ಇದು ಕೋಚ್‌ನ ಅಂಕಕ್ಕೆ ಕೂಡುತ್ತದೆಯೋ ಕಳೆಯುತ್ತದೆಯೋ?

2023ರ ಡಿಸೆಂಬರ್‌ನಲ್ಲಿ ಕಂಠೀರವದಲ್ಲಿ ಮುಂಬೈ ಸಿಟಿ ಎದುರು 0-4ರಲ್ಲಿ ಸೋತ ಬೆನ್ನಲ್ಲೇ ಕ್ಲಬ್ ಗ್ರೇಸನ್ ಅವರನ್ನು ಕೈಬಿಟ್ಟಿತು. ನನ್ನ ಅಭಿಪ್ರಾಯ ಕೇಳಿದರೆ, ಛೆಟ್ರಿಯವರನ್ನು ಕೂರಿಸಿದ ನಿರ್ಧಾರ ಎಂಟು ಪಂದ್ಯ ಗೆದ್ದದ್ದರಿಂದ ಸರಿಯಾಗಲಿಲ್ಲ. ಚೆಂಡು ಕಳೆದುಕೊಂಡ ಕ್ಷಣದಲ್ಲೇ ಎದುರಾಳಿಯ ಮೇಲೆ ಎರಗುವ ಆಟವನ್ನು ತೊಂಬತ್ತು ನಿಮಿಷ ಆಡಿಸಬೇಕೆಂದಿದ್ದರೆ ಎಳೆಯ ಕಾಲು ಬೇಕಿತ್ತು, ಆದ್ದರಿಂದ ಅದು ಮೊದಲ ಪಂದ್ಯಕ್ಕೂ ಮುಂಚೆಯೇ ಸರಿಯಿತ್ತು. ಆ ಎಂಟನ್ನೂ ಸೋತಿದ್ದರೂ ಸರಿಯೇ ಇರುತ್ತಿತ್ತು ಎನ್ನುವಷ್ಟು ಗಟ್ಟಿ ಎದೆ ಯಾವ ಅಭಿಮಾನಿಗಿದೆ? ಇರಬೇಕೆಂದು ಬಯಸುವುದೂ ಹೆಚ್ಚೇನೋ.

ಬೇರೆ ಕಡೆಯ ಕತೆಯೂ ಇದೇ. 2021ರ ಜುಲೈ 11ರಂದು ಲಂಡನ್ನಿನ ವೆಂಬ್ಲಿಯಲ್ಲಿ ಇಟಲಿಯ ಎದುರು ಯುರೋ ಫೈನಲ್‌ನಲ್ಲಿ ಇಂಗ್ಲೆಂಡ್ ಕೋಚ್ ಗರೆತ್ ಸೌತ್‌ಗೇಟ್ ಹೆಚ್ಚುವರಿ ಸಮಯ ಮುಗಿಯುವ ಕೊನೆ ಗಳಿಗೆಯಲ್ಲಿ ಮಾರ್ಕಸ್ ರಾಶ್‌ಫರ್ಡ್ ಮತ್ತು ಜೇಡನ್ ಸಾಂಚೊ ಅವರನ್ನು ಪೆನಾಲ್ಟಿ ಹೊಡೆಯಲೆಂದೇ ಇಳಿಸಿದರು. ಇಬ್ಬರೂ ತಪ್ಪಿಸಿದರು, ಹತ್ತೊಂಬತ್ತರ ಹುಡುಗ ಬುಕಾಯೊ ಸಾಕಾ ಅವರ ಹೊಡೆತವನ್ನು ಇಟಲಿಯ ಕೀಪರ್ ತಡೆದರು. ಆ ರಾತ್ರಿ ಈ ಮೂವರು ಕಪ್ಪು ಆಟಗಾರರ ಮೇಲೆ ಸುರಿದ ಜನಾಂಗೀಯ ಬೈಗುಳ ಜಗತ್ತೇ ನೋಡಿದ ಸಂಗತಿ. ಅದನ್ನು ಫುಟ್‌ಬಾಲ್ ವಿಮರ್ಶೆ ಎಂದು ಯಾರೂ ಕರೆಯಲಾರರು. ಆದರೆ ಸೋಲಿಗೆ ಒಂದು ಹೆಸರು ಹಚ್ಚಲೇಬೇಕು ಎಂಬ ಹಟ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅದು ಗುರುತು. ಫಟೋರ್ಡಾದಲ್ಲಿ ಬೆಂಗಳೂರಿನ ಪಾಬ್ಲೊ ಪೆರೆಸ್ ಎರಡನೇ ಪೆನಾಲ್ಟಿಗೆ ಕಾರಣರಾದರು, ಶೂಟ್‌ಔಟ್‌ನಲ್ಲಿ ಚೆಂಡನ್ನು ಗೋಲಿನ ಮೇಲೆ ಹಾಯಿಸಿದರು. ಬ್ರೂನೊ ರಾಮಿರೆಸ್ ಅವರ ಹೊಡೆತವನ್ನು ಎದುರಾಳಿ ಕೀಪರ್ ವಿಶಾಲ್ ಕೈತ್ ತಡೆದಿದ್ದರು. ಇವರಿಬ್ಬರ ಹೆಸರು ಆ ಫೈನಲ್‌ನ ಜೊತೆ ಅಂಟಿಕೊಂಡಿದೆ. ಅದಕ್ಕೆ ಮುಂಚಿನ ನೂರಿಪ್ಪತ್ತು ನಿಮಿಷದಲ್ಲಿ ಪಂದ್ಯವನ್ನು ಮುಗಿಸಲಾಗದ ಇಡೀ ತಂಡದ ಹೆಸರು ಅಂಟಿಕೊಂಡಿಲ್ಲ.

ಪೆನಾಲ್ಟಿಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. 2007ರಲ್ಲಿ ಇಸ್ರೇಲಿನ ಸಂಶೋಧಕರು 286 ಪೆನಾಲ್ಟಿ ಹೊಡೆತಗಳನ್ನು ಪರಿಶೀಲಿಸಿದರು. ಸುಮಾರು ಶೇ 29ರಷ್ಟು ಚೆಂಡುಗಳು ಗೋಲಿನ ನಡುಭಾಗಕ್ಕೆ ಬಂದಿದ್ದವು, ಕೀಪರ್‌ಗಳು ನಡುವೆ ನಿಂತೇ ಉಳಿದದ್ದು ಶೇ 6ರಷ್ಟು ಸಲ ಮಾತ್ರ. ನಿಂತಿದ್ದರೆ ತಡೆಯುವ ಸಾಧ್ಯತೆ ಹೆಚ್ಚಿತ್ತು, ಆದರೂ ಹಾರಿದರು. ಕಾರಣ ಸರಳ. ಹಾರಿ ಗೋಲು ಬಿಟ್ಟವನನ್ನು ಪಾಪ ಪ್ರಯತ್ನಪಟ್ಟ ಎನ್ನುತ್ತೇವೆ, ನಿಂತು ಬಿಟ್ಟವನನ್ನು ಮರದ ಹಾಗೆ ನಿಂತಿದ್ದ ಎನ್ನುತ್ತೇವೆ. ಪ್ರೇಕ್ಷಕರ ತೀರ್ಪಿನ ಭಯ ಆಟದ ಒಳಗೇ ಹೊಕ್ಕಿರುವ ಪರಿ ಇದು. ಕಾಣುವ ಬೆವರಿಗೆ ಅಂಕ ಕೊಡುವ ಚಾಳಿ ಮೈದಾನದ ಉಳಿದ ಕಡೆಯೂ ಇದೆ. ಜಾರಿ ಬಿದ್ದು ಚೆಂಡು ಕಸಿದ ಡಿಫೆಂಡರ್‌ಗೆ ಚಪ್ಪಾಳೆ. ಸರಿಯಾದ ಜಾಗದಲ್ಲಿ ಮೊದಲೇ ನಿಂತು, ಆ ಕಡೆ ಪಾಸ್ ಕೊಡುವುದೇ ಬೇಡ ಎಂದು ಎದುರಾಳಿಗೆ ಅನ್ನಿಸುವಂತೆ ಮಾಡಿದವನು ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಂಗಳೂರಿನ ಮಿಡ್‌ಫೀಲ್ಡಿನಲ್ಲಿ ಡಿಮಾಸ್ ಮತ್ತು ಆಸ್ಟ್ರೇಲಿಯಾದ ಎರಿಕ್ ಪಾರ್ತಾಲು ಜೊತೆಯಾಗಿ ಆಡಿದ ವರ್ಷಗಳಲ್ಲಿ ಮೆಚ್ಚುಗೆ ಗೋಲು ಹೊಡೆದವರಿಗೇ ಹೆಚ್ಚು ಸಿಕ್ಕಿತು. ಈ ಇಬ್ಬರು ಹೋದ ಮೇಲೆ ಆ ಜಾಗ ಎಷ್ಟು ದೊಡ್ಡದಿತ್ತು ಎಂದು ಊರಿಗೆ ತಿಳಿಯಿತು.

ಪಕ್ಷಪಾತದ ಬಗ್ಗೆ ಹೇಳದೆ ಬಿಟ್ಟರೆ ತಪ್ಪಾದೀತು. ಆ ಕೇರಳ ಪಂದ್ಯವನ್ನೇ ತೆಗೆದುಕೊಳ್ಳಿ, 2023ರ ಮಾರ್ಚ್ 3. 96ನೇ ನಿಮಿಷದಲ್ಲಿ ಫ್ರೀಕಿಕ್ ಸಿಕ್ಕಿತು, ಎದುರಾಳಿಗಳು ಗೋಡೆ ಕಟ್ಟಿಕೊಳ್ಳುವ ಮುಂಚೆಯೇ ಛೆಟ್ರಿ ಚೆಂಡನ್ನು ಗೋಲಿಗೆ ಕಳಿಸಿದರು, ರೆಫರಿ ಗೋಲು ಎಂದರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನೇ ಮೈದಾನದಿಂದ ಹೊರಗೆ ಕರೆದೊಯ್ದರು. ಕೇರಳ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಬಿತ್ತು, ಕೋಚ್‌ಗೆ ಹತ್ತು ಪಂದ್ಯ ನಿಷೇಧ. ಕೊಚ್ಚಿಯಲ್ಲಿ ಇಂದಿಗೂ ಅದು ಮೋಸ, ಬೆಂಗಳೂರಿನಲ್ಲಿ ಸಮಯಪ್ರಜ್ಞೆ. 1951ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ವಿಶ್ವವಿದ್ಯಾಲಯಗಳ ನಡುವೆ ಒಂದು ಒರಟು ಪಂದ್ಯ ನಡೆಯಿತು, ಅವರ ಬಗೆಯ ಫುಟ್‌ಬಾಲ್. ಆಮೇಲೆ ಇಬ್ಬರು ಮನಶ್ಶಾಸ್ತ್ರಜ್ಞರು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಪಂದ್ಯದ ಒಂದೇ ಚಿತ್ರಸುರುಳಿ ತೋರಿಸಿ ತಪ್ಪುಗಳನ್ನು ಎಣಿಸಲು ಹೇಳಿದರು. ಡಾರ್ಟ್‌ಮತ್ ತಂಡದ ಖಾತೆಯಲ್ಲಿ ಅದರ ಸ್ವಂತ ವಿದ್ಯಾರ್ಥಿಗಳು ಕಂಡದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ತಪ್ಪುಗಳು ಪ್ರಿನ್ಸ್‌ಟನ್‌ನವರಿಗೆ ಕಂಡವು. ಸುಳ್ಳು ಹೇಳಲಿಲ್ಲ, ಕಂಡದ್ದೇ ಹಾಗೆ. ಈ ಬಗೆಯ ಪಕ್ಷಪಾತ ನನ್ನನ್ನು ಅಷ್ಟಾಗಿ ಕಾಡುವುದಿಲ್ಲ, ಅದು ಎದ್ದು ಕಾಣುತ್ತದೆ, ಎದುರು ಊರಿನವರು ತಿದ್ದುತ್ತಾರೆ. ಸ್ವಂತ ತಂಡದೊಳಗಿನ ಭೇದವೇ ಹೆಚ್ಚು ಮೋಸದ್ದು. ವಿದೇಶಿ ಆಟಗಾರನನ್ನು ಸಂಬಳದ ತಕ್ಕಡಿಯಲ್ಲಿ ತೂಗುತ್ತೇವೆ. ಮಣಿಪುರದಿಂದಲೋ ಮಿಜೋರಾಮಿನಿಂದಲೋ ಬಂದ ಹುಡುಗನನ್ನು ಮುಂದೆ ಏನಾದಾನು ಎಂಬ ಆಸೆಯಲ್ಲಿ ತೂಗುತ್ತೇವೆ. ಛೆಟ್ರಿಯವರನ್ನು ತೂಗುವುದೇ ಇಲ್ಲ.

ಇಷ್ಟೆಲ್ಲ ದೂರಿದ ಮೇಲೂ ಅಭಿಮಾನಿಯ ಕಣ್ಣನ್ನು ನಾನು ಟಿ.ವಿ.ಯ ಕಣ್ಣಿಗಿಂತ ಮೇಲೆ ಇಡುತ್ತೇನೆ. ಕಂಠೀರವ ಅಥ್ಲೆಟಿಕ್ಸ್‌ಗಾಗಿ ಕಟ್ಟಿದ ಕ್ರೀಡಾಂಗಣ. ಗ್ಯಾಲರಿಗೂ ಹುಲ್ಲಿಗೂ ನಡುವೆ ಓಟದ ಟ್ರ್ಯಾಕ್ ಬಿದ್ದುಕೊಂಡಿದೆ, ಆಟಗಾರರ ಮುಖ ಸರಿಯಾಗಿ ಕಾಣುವುದಿಲ್ಲ ಎಂದು ಎಲ್ಲರೂ ಬೈಯುತ್ತಾರೆ. ಆದರೆ ದೂರದಿಂದ ತಂಡದ ಆಕಾರ ಕಾಣುತ್ತದೆ. ಚೆಂಡು ಎಡಗಡೆ ಇದ್ದಾಗ ಬಲಗಡೆಯ ಬ್ಯಾಕ್ ಎಲ್ಲಿ ನಿಂತಿದ್ದಾನೆ, ಮಿಡ್‌ಫೀಲ್ಡಿಗೂ ಡಿಫೆನ್ಸಿಗೂ ನಡುವಿನ ಬಿರುಕು ಎಷ್ಟು ಅಗಲವಾಗಿದೆ, ಅರವತ್ತನೇ ನಿಮಿಷದ ಮೇಲೆ ಯಾರು ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಿದ್ದಾರೆ, ಇವನ್ನೆಲ್ಲ ಕ್ಯಾಮೆರಾ ತೋರಿಸುವುದಿಲ್ಲ, ಅದು ಚೆಂಡಿನ ಬಾಲ ಹಿಡಿದು ಓಡುತ್ತಿರುತ್ತದೆ. ಮೈದಾನದಲ್ಲಿ ಕೂತವನಿಗೆ ಈ ಭಾಗ್ಯ ಇದೆ. ಅದನ್ನು ಬಳಸುವವರು ಎಷ್ಟು ಎಂಬುದು ಬೇರೆ ಮಾತು. ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗದವರು ತೊಂಬತ್ತು ನಿಮಿಷ ನಿಂತು ಹಾಡಿ ತಂಡಕ್ಕೆ ಉಸಿರು ತುಂಬುತ್ತಾರೆ, ಅವರಿಲ್ಲದ ಕಂಠೀರವವನ್ನು ಊಹಿಸಿಕೊಳ್ಳಲಾಗದು. ಹಾಗೆ ಹಾಡುತ್ತಲೇ ಆಫ್‌ಸೈಡ್ ಗೆರೆಯನ್ನೂ ಗಮನಿಸಿದೆ ಎಂದು ಯಾರಾದರೂ ಹೇಳಿದರೆ ನಂಬುವುದು ಕಷ್ಟ.

ಬೆಂಗಳೂರಿಗೆ ನೋಡಿ ಅಳೆಯುವ ಹಳೆಯ ಪರಂಪರೆಯೂ ಇದೆ, ಅದು ಈ ಕ್ಲಬ್ 2013ರಲ್ಲಿ ಹುಟ್ಟುವುದಕ್ಕೆ ಎಷ್ಟೋ ಮುಂಚಿನದು. ಪೆಲೆ ಪ್ರತಿಮೆ ನಿಲ್ಲಿಸಿಕೊಂಡಿರುವ ಗೌತಮಪುರ, ಆಸ್ಟಿನ್ ಟೌನ್, ಎಚ್‌ಎಎಲ್, ಐಟಿಐ ಎಂಬ ಕಾರ್ಖಾನೆ ತಂಡಗಳು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು 1948ರಲ್ಲಿ ಲಂಡನ್ನಿನಲ್ಲಿ ಫ್ರಾನ್ಸ್ ಎದುರು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರು. ಆ ಪಂದ್ಯದಲ್ಲಿ ಭಾರತ ಎರಡು ಪೆನಾಲ್ಟಿ ಕೈಚೆಲ್ಲಿ 2-1ರಲ್ಲಿ ಸೋತಿತ್ತು. ಆದರೆ ಎಪ್ಪತ್ತು ವರ್ಷ ಕಳೆದ ಮೇಲೂ ಜನ ನೆನೆಯುವುದು ಬರಿಗಾಲಲ್ಲಿ ಆಡಿದವರು ಫ್ರಾನ್ಸನ್ನು ಹೇಗೆ ಎದುರಿಸಿದರು ಎಂಬುದನ್ನೇ. ಕಾಲ ಕಳೆದಂತೆ ಅಭಿಮಾನಿಯ ತೀರ್ಪು ಮಾಗುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ.

ಈಚೆಗೆ ಬಂದಿರುವ ಅಂಕಿಅಂಶದ ಅಭಿಮಾನಿ ಈ ಗೊಂದಲಗಳಿಂದ ತಾನು ಪಾರಾದೆ ಎಂದುಕೊಂಡಿದ್ದಾನೆ. ಪಂದ್ಯ ಮುಗಿದ ಐದು ನಿಮಿಷಕ್ಕೆ ಅವನ ಫೋನಿನಲ್ಲಿ ಪ್ರತಿ ಆಟಗಾರನ ಪಾಸ್, ಟ್ಯಾಕಲ್, ಓಡಿದ ದೂರ, ಗೋಲಾಗಬಹುದಾಗಿದ್ದ ಅವಕಾಶಗಳ ಮೌಲ್ಯ ಎಲ್ಲವೂ ಬಂದಿರುತ್ತವೆ, ದಶಮಾಂಶದ ಸಮೇತ ಹತ್ತಕ್ಕೆ ಅಂಕವೂ. ಈ ಎಣಿಕೆಯ ಹಿರಿಯಜ್ಜ ಚಾರ್ಲ್ಸ್ ರೀಪ್, ಬ್ರಿಟನ್ನಿನ ವಾಯುಪಡೆಯಲ್ಲಿ ಲೆಕ್ಕಪತ್ರ ನೋಡುತ್ತಿದ್ದವರು. 1950ರಿಂದ ಪಂದ್ಯಗಳಿಗೆ ನೋಟ್‌ಬುಕ್ ಹಿಡಿದು ಹೋಗಿ ಪಾಸ್‌ಗಳನ್ನು ಗುರುತುಹಾಕಿಕೊಂಡರು. ಹೆಚ್ಚಿನ ಗೋಲುಗಳು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸ್‌ಗಳ ಬೆನ್ನಿಗೆ ಬರುತ್ತವೆ, ಆದ್ದರಿಂದ ಚೆಂಡನ್ನು ಬೇಗ ಮುಂದಕ್ಕೆ ಒದೆಯಿರಿ ಎಂದರು. ಫುಟ್‌ಬಾಲಿನಲ್ಲಿ ಚೆಂಡಿನ ಓಡಾಟದ ಬಹುಪಾಲು ಮೂರು ಪಾಸ್‌ನೊಳಗೇ ಮುರಿದುಬೀಳುತ್ತದೆ, ಗೋಲುಗಳೂ ಅಲ್ಲೇ ಹೆಚ್ಚಿರುವುದು ಸಹಜ ಎಂಬುದು ಅವರಿಗೆ ಹೊಳೆಯಲಿಲ್ಲ. ಅವರ ಎಣಿಕೆ ಸರಿಯಿತ್ತು, ಕೇಳಿಕೊಂಡ ಪ್ರಶ್ನೆ ಸರಿಯಿರಲಿಲ್ಲ. ಇಂದಿನ 7.3, 6.8ಗಳದ್ದೂ ಬಹುಪಾಲು ಇದೇ ಕತೆ, ಅವು ಚೆಂಡು ಮುಟ್ಟಿದವನನ್ನು ಅಳೆಯುತ್ತವೆ. ಮೂವರ ನಡುವಿನ ಖಾಲಿ ಜಾಗ ಅಲ್ಲೂ ಹೆಚ್ಚಾಗಿ ದಾಖಲಾಗುವುದಿಲ್ಲ.

ಹಾಗಾದರೆ ಅಭಿಮಾನಿಯ ಮಾತಿಗೆ ಬೆಲೆ ಯಾವಾಗ? ಒಂದು ರಾತ್ರಿಯ ಲೆಕ್ಕ ಬಿಟ್ಟು ಒಂದು ವರ್ಷದ ಲೆಕ್ಕ ಹಿಡಿದಾಗ ಎನ್ನುವುದು ನನ್ನ ಅನಿಸಿಕೆ. ಛೆಟ್ರಿಯ ನಂತರ ಯಾರು ಎಂಬ ಪ್ರಶ್ನೆಯನ್ನು ಕ್ಲಬ್ಬಿನ ಆಡಳಿತಕ್ಕಿಂತ ಮುಂಚೆ, ಜೋರಾಗಿ ಕೇಳುತ್ತ ಬಂದವರು ಗ್ಯಾಲರಿಯವರು. 2024ರ ಡಿಸೆಂಬರ್‌ನಲ್ಲಿ ಕೇರಳದ ಎದುರು 4-2ರ ಗೆಲುವಿನಲ್ಲಿ ನಲವತ್ತರ ಛೆಟ್ರಿ ಹ್ಯಾಟ್ರಿಕ್ ಹೊಡೆದಾಗ ಸಂಭ್ರಮದ ನಡುವೆಯೂ ಆ ಪ್ರಶ್ನೆ ಇತ್ತು. ಆ ಸೀಸನ್‌ನಲ್ಲಿ ಅವರು 14 ಗೋಲು ಗಳಿಸಿ ಲೀಗಿನ ಭಾರತೀಯರಲ್ಲಿ ಮೊದಲಿಗರಾದರು. ಅಂಕಪಟ್ಟಿಗೆ ಇದು ಹೆಮ್ಮೆ. ತಂಡದ ಲೆಕ್ಕದಲ್ಲಿ ಇದು ಎಚ್ಚರಿಕೆಯ ಗಂಟೆ. ಇವೆರಡನ್ನೂ ಒಟ್ಟಿಗೆ ಹೇಳಬಲ್ಲ ಅಭಿಮಾನಿಗಳು ಇದ್ದಾರೆ, ಅವರು ಹತ್ತಕ್ಕೆ ಎಷ್ಟು ಎಂದು ಹೇಳುವುದಿಲ್ಲ. ಏನು ನಡೆಯಿತು ಎಂದು ಹೇಳುತ್ತಾರೆ. ಬಲಗಡೆಯಿಂದ ಪದೇಪದೇ ಬಂದರು, ನಮ್ಮ ವಿಂಗರ್ ಹಿಂದಕ್ಕೆ ಓಡುವುದನ್ನು ಬಿಟ್ಟ, ಬ್ಯಾಕ್ ಒಬ್ಬನೇ ಇಬ್ಬರಿಗೆ ಸಿಕ್ಕಿಕೊಂಡ, ಅರ್ಧ ಗಂಟೆ ಹೀಗೇ ನಡೆದರೂ ಬೆಂಚಿನಿಂದ ಯಾರೂ ಎದ್ದುಬರಲಿಲ್ಲ. ಇಂಥ ನಾಲ್ಕು ವಾಕ್ಯದಲ್ಲಿ ಆಟಗಾರನೂ ಇದ್ದಾನೆ, ಜೊತೆಗಾರನೂ ಇದ್ದಾನೆ, ಕೋಚ್ ಕೂಡ ಇದ್ದಾನೆ, ಪಂದ್ಯ ಗೆದ್ದರೂ ಸೋತರೂ ಇದು ನಿಜವಾಗಿಯೇ ಇರುತ್ತದೆ.

ಗ್ರೇಸನ್ ನಂತರ ಬಂದ ಸ್ಪೇನಿನ ಹೆರಾರ್ಡ್ ಸರಗೋಸ ಅವರ ಮೊದಲ ಸೀಸನ್‌ನಲ್ಲಿ ತಂಡ ಹತ್ತನೇ ಸ್ಥಾನಕ್ಕಿಳಿದಿತ್ತು, ಮರುವರ್ಷ ಮೂರನೆಯದಾಯಿತು. 0-4ರಲ್ಲಿ ಸೋತಿದ್ದ ಅದೇ ಮೈದಾನದಲ್ಲಿ ಅದೇ ಮುಂಬೈಯನ್ನು 2025ರ ಮಾರ್ಚ್‌ನಲ್ಲಿ 5-0ಯಿಂದ ಬಗ್ಗುಬಡಿಯಿತು. ಗೋವಾ ಎದುರಿನ ಸೆಮಿಫೈನಲ್‌ನ ಎರಡನೇ ಪಂದ್ಯದ ಕೊನೆ ಗಳಿಗೆಯಲ್ಲಿ ಛೆಟ್ರಿ ಹೊಡೆದ ಹೆಡರ್‌ನಿಂದ ಫೈನಲ್ ತಲುಪಿತು. ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಮತ್ತೆ ಮೋಹನ್ ಬಾಗಾನ್. 49ನೇ ನಿಮಿಷಕ್ಕೆ ಎದುರಾಳಿ ಡಿಫೆಂಡರ್‌ನ ಸ್ವಂತ ಗೋಲಿನಿಂದ ಬೆಂಗಳೂರಿಗೆ ಮುನ್ನಡೆ. 72ನೇ ನಿಮಿಷದಲ್ಲಿ ಚಿಂಗ್ಲೆನ್ಸಾನಾ ಸಿಂಗ್ ಅವರ ಕೈಗೆ ಚೆಂಡು ತಾಗಿ ಪೆನಾಲ್ಟಿ, ಜೇಸನ್ ಕಮಿಂಗ್ಸ್ ಸಮ ಮಾಡಿದರು. 96ನೇ ನಿಮಿಷದಲ್ಲಿ ಜೇಮಿ ಮೆಕ್ಲಾರೆನ್ ಪಂದ್ಯ ಮುಗಿಸಿದರು, 2-1.

ಆ ರಾತ್ರಿ ಚಿಂಗ್ಲೆನ್ಸಾನಾಗೆ ಎಷ್ಟು ಅಂಕ ಎಂಬುದರಲ್ಲಿ ನನಗೆ ಆಸಕ್ತಿಯಿಲ್ಲ. ನಡುವಿನ ಇಪ್ಪತ್ತಮೂರು ನಿಮಿಷ ಬೆಂಗಳೂರು ಮುಂದಿತ್ತು. ಆ ಹೊತ್ತಿನಲ್ಲಿ ತಂಡ ಹಿಂದಕ್ಕೆ ಸರಿಯಿತೇ? ಸರಿದಿದ್ದರೆ ಕೋಚ್ ಸರಿಯಿರಿ ಎಂದದ್ದಕ್ಕೋ, ಎದುರಾಳಿ ತಳ್ಳಿದ್ದಕ್ಕೋ, ಸೀಸನ್ ಪೂರ್ತಿ ಓಡಿದ ಕಾಲುಗಳು ಕೇಳದೆ ಹೋದದ್ದಕ್ಕೋ? ಚೆಂಡು ಕೈಗೆ ತಾಗುವ ಮುಂಚೆ ಎಷ್ಟು ಸಲ ಅದು ಬೆಂಗಳೂರಿನ ಪೆನಾಲ್ಟಿ ಆವರಣದೊಳಗೆ ಬಂತು, ಯಾವ ಕಡೆಯಿಂದ ಬಂತು, ತಡೆಯಬೇಕಿದ್ದ ಜಾಗದಲ್ಲಿ ಯಾರಿರಬೇಕಿತ್ತು? ಅಂದು ಸಾಲ್ಟ್ ಲೇಕ್‌ನ ಮೇಲಿನ ಗ್ಯಾಲರಿಯಲ್ಲಿ ಕೂತಿದ್ದ ಬೆಂಗಳೂರಿಗರು ಇದಕ್ಕೆ ಉತ್ತರ ಕೊಡಬಲ್ಲರು, ಚೆಂಡನ್ನು ಬಿಟ್ಟು ಉಳಿದದ್ದನ್ನೂ ನೋಡಿದ್ದರೆ.